ಗುರುವಾರ, ಭೋಸರಿ

ಗುರುವಾರ ಇಲ್ಲಿ ಕರೆಂಟಿಗೆ ರಜೆ.
ಪ್ರೆಸ್ಸುಗಳು ಬಾಯಿ ಮುಚ್ಚಿದ ಮೇಲೆ
ಶೆಡ್ಡಿನೊಳಗೆ ಮನುಷ್ಯರ ದನಿ
ತನ್ನ ಗಾತ್ರಕ್ಕೆ ತಾನೇ ಬೆಚ್ಚುತ್ತದೆ.
ಅದಕ್ಕೇ ನಾನು ಬರುವುದು ಗುರುವಾರ.

ಗುರುಪಾದಪ್ಪ ಹಳಿಂಗಳಿಯವರ ಸ್ಪ್ರಿಂಗ್ ಕಾರ್ಖಾನೆ:
ಮೂವತ್ತೊಂದು ಜನ, ಒಂದು ಬೆಕ್ಕು,
ಗೋಡೆಗೊಂದು ಬಿಳಿ ಹಲಗೆ.
ಹಲಗೆಯ ಮೇಲೆ ಹನ್ನೊಂದು ದೊಡ್ಡ ಕೆಲಸ:
ಹೊಸ ಕುಲುಮೆ, ರಫ್ತಿನ ಪರವಾನಗಿ,
ದಾಸ್ತಾನೆಲ್ಲ ಕಂಪ್ಯೂಟರಿಗೆ,
ಚಾಕಣದ ಕಾರಿನವರಿಗೆ ನೇರ ಸರಬರಾಜು...
ಹನ್ನೊಂದನೆಯದಕ್ಕೆ ಯಾರೋ ಬೆನ್ನೊರಗಿಸಿ
ಅರ್ಧ ಅವರ ಅಂಗಿಗೆ ಹೋಗಿದೆ.

‘ಮುಂದಿನ ತಿಂಗಳ ನೋಡ್ರಿ ಬಾಯಾರ.’
ಆ ಮುಂದಿನ ತಿಂಗಳಿಗೆ ಈಗ ಮೂರು ವರ್ಷ ವಯಸ್ಸು.
ನಡೆಯುತ್ತದೆ, ಮಾತಾಡುತ್ತದೆ,
ಬಾಲವಾಡಿಗೆ ಹಾಕಬಹುದು.

ನನ್ನನ್ನು ಕರೆಸಿದ್ದು ಬೇಗ ಮಾಡಿಸಲಿಕ್ಕೆ.
ಬೇಗ ಎಂದರೆ ಚಾಟಿ ಎಂದುಕೊಂಡ ಹುಡುಗರು
ಮೊದಲ ದಿನ ನನ್ನ ಕಂಡೊಡನೆ
ಖಾಲಿ ಟ್ರಾಲಿಯನ್ನೂ ಓಡಿಸಿಕೊಂಡು ಹೋದರು.
ನಾನು ಸ್ಟೂಲಿನ ಮೇಲೆ ಕೂತೆ.
ಕುಲುಮೆ ಯಾಕೆ ಬರಲಿಲ್ಲ ಅಂತ ಕೇಳಿದೆ,
ಒಬ್ಬೊಬ್ಬರನ್ನಾಗಿ, ಒಂದೊಂದು ಕಟಿಂಗ್ ಚಹಕ್ಕೆ.

ಫೋರ್ಮನ್ ಲಾಂಡಗೆ ಮಾಮಾ:
ಅಡಿಪಾಯ ತೋಡಲು ನಾನು ತಯಾರು, ನಕ್ಷೆ ಬರಲಿ.
ನಕ್ಷೆಯ ಸಾನಿಕಾ: ಲೋಡೆಷ್ಟೆಂದು ತಿಳಿಯದೆ
ಗೆರೆ ಎಲ್ಲಿಂದ ಎಳೆಯಲಿ?
ಕರೆಂಟಿನ ಕಂತ್ರಾಟುದಾರ: ಮೊದಲು ಮುಂಗಡ.
ಬ್ಯಾಂಕಿನವರು: ಕೊಟೇಶನ್ನಿಗೆ ಮಾಲಕರ ಸಹಿ.
ಮಾಲಕರು: ಸಹಿ ಏನು, ಎಷ್ಟೊತ್ತಿನ ಕೆಲಸ,
ಮಾಮಾ ಮೊದಲು ಅಡಿಪಾಯ ತೋಡಲಿ.

ಹರಿದ ರಟ್ಟಿನ ಮೇಲೆ ಬಾಣ ಹಾಕುತ್ತ ಹೋದೆ.
ಹೊರಟಲ್ಲಿಗೇ ಬಂತು.
ಸ್ಪ್ರಿಂಗಾದರೂ ಒಂದು ಸುತ್ತಿಗೆ
ತಂತಿಯ ದಪ್ಪದಷ್ಟು ಮೇಲೇರುತ್ತದೆ.
ಇದು ಬರೀ ಬಳೆ.

ಲೆಕ್ಕದ ವೈಜಯಂತಾ ತಾಯಿ ಡ್ರಾಯರ್ ಎಳೆದರು.
ಟಿಫಿನ್ ಮುಚ್ಚಳದ ಕೆಳಗಿತ್ತು ಕೊಟೇಶನ್,
ಸಹಿಯ ಜಾಗಕ್ಕೆ ಸರಿಯಾಗಿ
ಅರಿಸಿನದ ಒಂದು ಕಲೆ.

ಪೆನ್ನು ಮುಂದಿಟ್ಟೆ. ಅವರು ಮುಟ್ಟಲಿಲ್ಲ.
ಕನ್ನಡದಲ್ಲಿ ಹೇಳಿದರು, ನನಗೊಬ್ಬಳಿಗೇ
ತಿಳಿಯಲೆಂದು, ಸಣ್ಣ ದನಿಯಲ್ಲಿ:
‘ಹಳೇ ಕುಲುಮಿಯೊಳಗ ತಂತಿ ಕಾದ ಬಣ್ಣ ನೋಡಿ
ಈಗ ತಗೀರಿ ಅಂತ ನಾನ ಹೇಳ್ತೀನ್ರಿ.
ಹೊಸಾದು ತಾನ ಹೇಳ್ತೈತಂತ.
ಆಮ್ಯಾಲ ನನ್ನ ಯಾರು ಕೇಳವ್ರು?’

ನನ್ನ ಚೀಲದಲ್ಲಿ ಎಷ್ಟೆಲ್ಲ ನಮೂನೆಗಳಿದ್ದವು.
ಇದಕ್ಕೊಂದಿರಲಿಲ್ಲ.
ಅವತ್ತು ಮಷೀನು ನಡೆಯುತ್ತಿದ್ದರೆ
ಈ ಮಾತು ನನಗೆ ಕೇಳಿಸುತ್ತಲೂ ಇರಲಿಲ್ಲ.

ಲಾಂಡಗೆ ಮಾಮಾಗೆ ಕನ್ನಡ ಬಾರದು.
ಇಪ್ಪತ್ತಾರು ವರ್ಷ ಆ ಬೆನ್ನ ಹಿಂದೆಯೇ ನಿಂತವರು.
ಎದ್ದು ಹೋಗಿ ಅಂಗೈಯಿಂದಲೇ
ಹಲಗೆಯ ಹತ್ತು ಸಾಲು ಒರೆಸಿದರು,
ಒಂದು ಬಿಟ್ಟರು. ಮಾರ್ಕರು ಒಣಗಿತ್ತು,
ಕೈಗೆ ಹತ್ತಿದ ಮಸಿಯಲ್ಲೇ
ಅದರ ಪಕ್ಕ ಬೆರಳಿನಿಂದ ತಾರೀಖು ಬರೆದರು.

ಗುರುಪಾದಪ್ಪ ಬಹಳ ಹೊತ್ತು ತಾರೀಖು ನೋಡಿದರು.
‘ಆ ಹುಡುಗೀನ ಕೇಳ್ರಿ,
ಹೊಸಾದಕ್ಕ ಒಂದು ಕಿಂಡಿ ಇರ್ತೈತೇನು, ಒಳಗ ನೋಡಾಕ?’
ಸಾನಿಕಾ ಹಾಳೆ ತಿರುವಿದಳು. ಇದೆ. ಗಾಜಿನದು,
ಅಂಗೈಯಗಲ.

ಸಹಿ ಮಾಡಿದರು, ಅರಿಸಿನದ ಮೇಲೆಯೇ.

ಮುಂದಿನ ಗುರುವಾರದ ಹೊತ್ತಿಗೆ ಎರಡಡಿ ಗುಂಡಿ,
ಗುಂಡಿಯಲ್ಲಿ ಬೆಕ್ಕು, ಮಲಗಿತ್ತು.
ಮಾಮಾ ಅದನ್ನು ಎಬ್ಬಿಸಿದ್ದಷ್ಟೇ
ಅವತ್ತಿನ ತಡ.

ಮರಳುವಾಗ ನಾಶಿಕ್ ಫಾಟಾದಲ್ಲಿ ಬಸ್ಸು ನಿಂತಿತ್ತು.
ಮೊಬೈಲಿಗೆ ಅವರದೇ ಸಂದೇಶ:
‘ಹಲಗಿ ಬೋಳ ಬೋಳ ಕಾಣ್ತೈತ್ರಿ,
ಇನ್ನೊಂದು ಬರೀಲೇನು?’
ಬೇಡ ಎಂದು ಬರೆದೆ.
ಎರಡಕ್ಷರ. ಕಳಿಸಲಿಕ್ಕೆ
ಮೂರು ಸಿಗ್ನಲ್ ಹಿಡಿಯಿತು.